ಕೆನರಾದ ಮೀನಿಗೆ ಹೆಸರಿಟ್ಟ ಡಾಕ್ಟರು: ಫ್ರಾನ್ಸಿಸ್ ಡೇ

ಮೀನು ನೀರಿನಲ್ಲಿ ಉಸಿರುಕಟ್ಟಿ ಸಾಯಬಹುದೇ? ಇದೆಂಥ ಪ್ರಶ್ನೆ ಎಂದು ನೀವು ನಗಬಹುದು. ಆದರೆ ಉತ್ತರ ಹೌದು. ನಮ್ಮ ಕೆರೆಗಳ ಕೊರಮೀನನ್ನೇ ತೆಗೆದುಕೊಳ್ಳಿ. ಅದಕ್ಕೆ ಕಿವಿರು ಇದೆ, ಆದರೆ ಕಿವಿರೊಂದೇ ಸಾಲದು. ಆಗಾಗ ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗಲೇಬೇಕು. ಮೇಲೆ ಬಾರದಂತೆ ತಡೆದರೆ ಸುತ್ತ ಎಷ್ಟು ಒಳ್ಳೆಯ ನೀರಿದ್ದರೂ ಅದು ಬದುಕುವುದಿಲ್ಲ. ಸುಮಾರು 150 ವರ್ಷಗಳ ಹಿಂದೆ ಮದ್ರಾಸ್ ಸೇನೆಯ ಒಬ್ಬ ಡಾಕ್ಟರು ಇದನ್ನು ಪ್ರಯೋಗ ಮಾಡಿಯೇ ನೋಡಿದ್ದರು. ಅವರ ಹೆಸರು ಫ್ರಾನ್ಸಿಸ್ ಡೇ.

ಭಾರತದ ಮೀನುಗಳ ಬಗ್ಗೆ ಓದುವವರಿಗೆ ಈ ಹೆಸರು ಹೊಸದಲ್ಲ. ಮೀನಿನ ವೈಜ್ಞಾನಿಕ ಹೆಸರಿನ ಮುಂದೆ ಅದನ್ನು ಮೊದಲು ವರ್ಣಿಸಿದವರ ಹೆಸರು ಮತ್ತು ವರ್ಷ ಬರೆಯುವುದು ರೂಢಿ. ನಮ್ಮ ನಾಡಿನ ಮೀನುಗಳ ಪಟ್ಟಿ ತೆರೆದರೆ ಆ ಜಾಗದಲ್ಲಿ ಮತ್ತೆ ಮತ್ತೆ ಕಾಣುವುದು ಡೇ, ಡೇ, ಡೇ. ಅಂಥ ಹೆಸರುಗಳಲ್ಲಿ ಒಂದು ಎಟ್ರೋಪ್ಲಸ್ ಕೆನರೆನ್ಸಿಸ್, ಡೇ, 1877. ಅಂದರೆ ಕೆನರಾದ ಎಟ್ರೋಪ್ಲಸ್. ನಮ್ಮ ದಕ್ಷಿಣ ಕನ್ನಡದ ಹೊಳೆಗಳ ಮೀನು. ಕೇರಳದ ಕರಿಮೀನು ಇದರ ಅಣ್ಣ ಎನ್ನಬಹುದು. ಕರಿಮೀನನ್ನು ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸಿ ಪ್ರವಾಸಿಗಳಿಗೆ ಬಡಿಸುತ್ತಾರೆ, ಅದನ್ನು ಆ ರಾಜ್ಯದ ಮೀನು ಎಂದು ಘೋಷಿಸಿಯೂ ಆಗಿದೆ. ತಮ್ಮನ ಹೆಸರು ಮಾತ್ರ ಕರಾವಳಿಯವರಲ್ಲೂ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಡೇ ಅವರ ಕಥೆಯನ್ನು ಈ ಸಣ್ಣ ಮೀನಿನ ಕಡೆಯಿಂದ ಹೇಳುವುದಕ್ಕೆ ಕಾರಣವಿದೆ. ಮೀನು ಎಷ್ಟು ಹಿಡಿದರೂ ಮುಗಿಯುವುದಿಲ್ಲ ಎಂಬ ನಂಬಿಕೆ ಆಗಲೂ ಇತ್ತು, ಈಗಲೂ ಇದೆ. ಡೇ ಬದುಕಿನ ಒಳ್ಳೆಯ ವರ್ಷಗಳು ಕಳೆದದ್ದು ಆ ನಂಬಿಕೆಯ ಜೊತೆ ಜಗಳವಾಡುವುದರಲ್ಲಿ.

ಸೂಜಿ ಹಿಡಿದ ಕೈಗೆ ಬಲೆ

ಡೇ ಹುಟ್ಟಿದ್ದು 1829ರ ಮಾರ್ಚ್ 2ರಂದು, ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದ ಮೇರ್ಸ್‌ಫೀಲ್ಡ್ ಎಂಬಲ್ಲಿ. ಜಮೀನು ಇದ್ದ ಮನೆತನ. ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ವೈದ್ಯಕೀಯ ಕಲಿತು 1852ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೇನೆಗೆ ಸೇರಿದರು. ಅದು ಎರಡನೆಯ ಬರ್ಮಾ ಯುದ್ಧದ ಕಾಲ, ಕೆಲಸದ ಆರಂಭವೇ ಅಲ್ಲಿ ಆಯಿತು. ಮುಂದೆ ಮದ್ರಾಸ್ ಪ್ರಾಂತ್ಯದ ಊರೂರು ಸುತ್ತಿದರು.

ಆಗಿನ ಸೇನಾ ಡಾಕ್ಟರುಗಳಿಗೆ ಇಂಥ ಹವ್ಯಾಸಗಳು ಸಾಮಾನ್ಯ. ಒಬ್ಬರು ಗಿಡ ಒಣಗಿಸಿದರೆ ಇನ್ನೊಬ್ಬರು ಹಕ್ಕಿಯ ಚರ್ಮ ಬಿಡಿಸಿ ಹತ್ತಿ ತುಂಬುತ್ತಿದ್ದರು. ಡೇ ಕೂಡ ಹಕ್ಕಿಗಳನ್ನು ಸಂಗ್ರಹಿಸಿದವರೇ. ಆದರೆ ಕೊಚ್ಚಿಗೆ ವರ್ಗವಾಗಿ ಬಂದ ಮೇಲೆ ಅವರ ಗಮನವೆಲ್ಲ ನೀರಿಗೆ ಇಳಿಯಿತು. ಹಿನ್ನೀರು, ಹೊಳೆ, ಕಡಲು, ಭತ್ತದ ಗದ್ದೆ ಎಲ್ಲವೂ ಒಂದೇ ಕಡೆ ಸೇರುವ ಜಾಗ ಅದು. ಬೆಳಿಗ್ಗೆ ಮೀನು ಮಾರುಕಟ್ಟೆಗೆ ಹೋದರೆ ಸಾಕು, ಪುಸ್ತಕಕ್ಕೆ ಬೇಕಾದ ಸರಕು ಬುಟ್ಟಿಯಲ್ಲೇ ಸಿಗುತ್ತಿತ್ತು. 1863ರಲ್ಲಿ ಕೊಚ್ಚಿಯ ಜನಜೀವನ ಮತ್ತು ಇತಿಹಾಸದ ಬಗ್ಗೆ ಒಂದು ಪುಸ್ತಕ ಬರೆದರು. 1865ರಲ್ಲಿ ಮಲಬಾರಿನ ಮೀನುಗಳ ಬಗ್ಗೆ ಇನ್ನೊಂದು. ಇಂದು ಅಕ್ವೇರಿಯಂ ಅಂಗಡಿಗಳಲ್ಲಿ ಮಿಸ್ ಕೇರಳ ಎಂದು ಮಾರುವ ಕೆಂಪು ಗೆರೆಯ ಮೀನಿಗೆ ಅವರು ವೈಜ್ಞಾನಿಕ ಹೆಸರಿಟ್ಟದ್ದು ಅದೇ ವರ್ಷ. ಆಗಿನ ಮದ್ರಾಸ್ ಗವರ್ನರ್ ವಿಲಿಯಂ ಡೆನಿಸನ್ ಅವರ ಹೆಸರನ್ನು ಆ ಮೀನಿಗೆ ಕೊಟ್ಟರು.

ಅದೇ ದಶಕದಲ್ಲಿ ಇನ್ನೊಂದು ಸಾಹಸವನ್ನೂ ಮಾಡಿದರು. ಇಂಗ್ಲೆಂಡಿನಿಂದ ಟ್ರೌಟ್ ಮೀನಿನ ಮೊಟ್ಟೆಗಳನ್ನು ಹಡಗಿನಲ್ಲಿ ತಂದು ನೀಲಗಿರಿಯ ತಣ್ಣನೆಯ ತೊರೆಗಳಲ್ಲಿ ಬಿಡುವ ಯೋಜನೆ ಅದು. ಸೂಯೆಜ್ ಕಾಲುವೆ ಇನ್ನೂ ತೆರೆಯದ ಕಾಲ. ಬಿಸಿಲಿನ ದಾರಿಯಲ್ಲಿ ಮೊಟ್ಟೆಗಳು ಉಳಿಯಲಿಲ್ಲ. ನೀಲಗಿರಿಯಲ್ಲಿ ಟ್ರೌಟ್ ನೆಲೆಯೂರಿದ್ದು ಅವರು ತೀರಿಕೊಂಡ ಮೇಲೆ, 20ನೇ ಶತಮಾನದ ಆರಂಭದಲ್ಲಿ, ಬೇರೆಯವರ ಕೈಯಿಂದ. ಹೊರಗಿನ ಮೀನು ತಂದುಬಿಟ್ಟರೆ ಒಳಗಿನ ಮೀನಿಗೆ ಏನಾಗುತ್ತದೆ ಎಂಬ ಚಿಂತೆ ಆ ಕಾಲದವರಿಗೆ ಇರಲಿಲ್ಲ. ಡೇ ಅವರಿಗೂ ಇರಲಿಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೀನು ಮುಗಿಯುತ್ತದೆ

1867ರ ಹೊತ್ತಿಗೆ ದಕ್ಷಿಣದ ದೊಡ್ಡ ನದಿಗಳಿಗೆಲ್ಲ ಅಣೆಕಟ್ಟೆಗಳು ಬಂದಿದ್ದವು. ಗೋದಾವರಿಯ ಅಣೆಕಟ್ಟೆ ಕಟ್ಟಿಸಿದ ಸರ್ ಆರ್ಥರ್ ಕಾಟನ್ ಅವರೇ ಒಂದು ಅನುಮಾನ ಎತ್ತಿದರು: ಮೊಟ್ಟೆಯಿಡಲು ಕಡಲಿನಿಂದ ಮೇಲೇರುವ ಮೀನುಗಳಿಗೆ ಈ ಗೋಡೆಗಳು ಅಡ್ಡವಾಗಿಲ್ಲವೇ? ನೋಡಿ ಬರುವ ಕೆಲಸ ಡೇ ಪಾಲಿಗೆ ಬಂತು. ಹಿಲ್ಸಾ ಮೀನು ಅಣೆಕಟ್ಟೆಯ ಬುಡದಲ್ಲಿ ಗುಂಪುಗುಂಪಾಗಿ ಸಿಕ್ಕಿಬೀಳುವುದು, ಅಲ್ಲೇ ಬಲೆ ಹಾಕಿ ಬಾಚುವುದು ಎಲ್ಲವನ್ನೂ ಕಂಡು ವರದಿ ಮಾಡಿದರು. ಅಲ್ಲಿಂದ ಅವರ ಕೆಲಸ ಇಡೀ ಭಾರತ ಮತ್ತು ಬರ್ಮಾಗೆ ಹರಡಿತು. 1871ರಲ್ಲಿ ಭಾರತದ ಮೀನುಗಾರಿಕೆಯ ಇನ್‌ಸ್ಪೆಕ್ಟರ್ ಜನರಲ್ ಆದರು.

ಡೇ ಕೆಲಸ ಮಾಡಿದ ರೀತಿ ಇಂದಿನ ಸರ್ವೆಗಳನ್ನು ನೆನಪಿಸುತ್ತದೆ. ಕಲೆಕ್ಟರುಗಳಿಗೆ, ತಹಸೀಲ್ದಾರರಿಗೆ ಪ್ರಶ್ನಾವಳಿ ಹೋಯಿತು. ನಿಮ್ಮ ತಾಲ್ಲೂಕಿನಲ್ಲಿ ಮೀನು ಹಿಡಿದು ಬದುಕುವವರು ಎಷ್ಟು? ಬಲೆಯ ಕಣ್ಣು ಎಷ್ಟು ಸಣ್ಣದು? ಮರಿಮೀನು ಹಿಡಿಯುತ್ತಾರೆಯೇ? ನೀರಿಗೆ ವಿಷ ಹಾಕುತ್ತಾರೆಯೇ? ಪೇಟೆಗೆ ಬರುವ ಮೀನು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ? ಮೈಸೂರು, ಕೊಡಗುಗಳಿಂದಲೂ ಉತ್ತರಗಳು ಬಂದವು. 1873ರಲ್ಲಿ ಅಚ್ಚಾದ ಎರಡು ವರದಿಗಳಲ್ಲಿ, ಒಂದು ಸಿಹಿನೀರಿನದು, ಇನ್ನೊಂದು ಕಡಲಿನದು, ಇವೆಲ್ಲ ಸೇರಿವೆ. ಒಣ ಸರ್ಕಾರಿ ದಾಖಲೆ ಎಂದುಕೊಂಡು ತೆರೆದವರಿಗೆ ಊರೂರಿನ ಮೀನು ಹಿಡಿಯುವ ಪದ್ಧತಿಗಳ ದೊಡ್ಡ ಚಿತ್ರವೇ ಸಿಗುತ್ತದೆ. ಮಳೆ ಹಿಡಿದಾಗ ಗದ್ದೆಯ ತೂಬಿಗೆ ಬುಟ್ಟಿ ಒಡ್ಡಿ ಗದ್ದೆಗೆ ಏರುವ ಮೀನನ್ನೂ ಇಳಿಯುವ ಮರಿಯನ್ನೂ ಹಿಡಿಯುವುದು, ಬೇಸಿಗೆಯಲ್ಲಿ ಹೊಳೆಗೆ ಕಟ್ಟ ಹಾಕಿ ಮಡು ಬತ್ತಿಸುವುದು, ಸೊಪ್ಪು ಕಾಯಿ ಜಜ್ಜಿ ನೀರಿಗೆ ಕದಡುವುದು. ಮಲೆನಾಡು, ಕರಾವಳಿಯ ಹಿರಿಯರನ್ನು ಕೇಳಿದರೆ ಇವುಗಳಲ್ಲಿ ಒಂದೆರಡನ್ನಾದರೂ ಚಿಕ್ಕಂದಿನಲ್ಲಿ ನೋಡಿದ್ದೇವೆ ಎಂದಾರು.

ಡೇ ತೀರ್ಮಾನ ಸ್ಪಷ್ಟವಾಗಿತ್ತು. ಮರಿಗಳನ್ನು ಹೀಗೆ ಬಾಚಿದರೆ, ಹೊಳೆಗೆ ವಿಷ ಹಾಕಿದರೆ ಮೀನು ಕಡಿಮೆಯಾಗುತ್ತದೆ. ಕಡಿಮೆಯಾಗಿಯೂ ಇದೆ. ಬಲೆಯ ಕಣ್ಣಿಗೆ ಕನಿಷ್ಠ ಅಳತೆ ಬೇಕು, ವಿಷ ನಿಲ್ಲಬೇಕು, ಕಾನೂನು ಬೇಕು.

ಎದುರು ವಾದವೂ ಇತ್ತು. ಒಂದು ಮೀನು ಲಕ್ಷಗಟ್ಟಲೆ ಮೊಟ್ಟೆಯಿಡುತ್ತದೆ, ಮನುಷ್ಯ ಹಿಡಿದು ಮುಗಿಸಲು ಸಾಧ್ಯವೇ? ಬಡವರ ಊಟಕ್ಕೆ ಕಾನೂನು ಅಡ್ಡ ಬರಬಾರದು ಎಂಬ ಮಾತೂ ಸೇರಿಕೊಂಡಿತು. ಎರಡನೆಯ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಹೊಳೆಯ ಸಣ್ಣ ಮೀನು ಬಿಟ್ಟರೆ ಬೇರೆ ಸಾರಿಲ್ಲದ ಮನೆಗಳು ಎಷ್ಟೋ ಇದ್ದವು, ಮತ್ತು ಕಾನೂನು ಮಾಡುವವರು ಆ ಮನೆಗಳನ್ನು ಕೇಳಿ ಮಾಡುತ್ತಿರಲಿಲ್ಲ. ಆದರೆ ಮೊದಲನೆಯದು ಸರಿಯಲ್ಲ. ಮೀನುಗಳೆಲ್ಲ ಒಂದೇ ಥರ ಮರಿ ಮಾಡುವುದಿಲ್ಲ. ಕಾಟ್ಲಾ, ರೋಹು ಜಾತಿಯವು ಲಕ್ಷಗಟ್ಟಲೆ ಮೊಟ್ಟೆಗಳನ್ನು ನೀರಿಗೆ ಚೆಲ್ಲಿ ಹೋಗಿಬಿಡುತ್ತವೆ. ಬದುಕಿದ್ದು ಬದುಕಲಿ ಎಂಬ ಲೆಕ್ಕ. ಎಟ್ರೋಪ್ಲಸ್ ಗುಂಪಿನ ಸಂಸಾರ ಬೇರೆ. ಗಂಡು ಹೆಣ್ಣು ಜೋಡಿಯಾಗಿ ಕಲ್ಲನ್ನೋ ಮುಳುಗಿದ ಕೊರಡನ್ನೋ ಉಜ್ಜಿ ಸ್ವಚ್ಛ ಮಾಡಿ, ಅದಕ್ಕೆ ಮೊಟ್ಟೆಗಳನ್ನು ಅಂಟಿಸುತ್ತವೆ. ಕರಿಮೀನಿನಲ್ಲಿ ಅವು ಕೆಲವು ನೂರರಿಂದ ಒಂದೆರಡು ಸಾವಿರ ಅಷ್ಟೇ. ರೆಕ್ಕೆ ಬೀಸಿ ಹೊಸ ನೀರು ಹಾಯಿಸುತ್ತವೆ, ಕೆಟ್ಟ ಮೊಟ್ಟೆ ಹೆಕ್ಕುತ್ತವೆ, ಮರಿ ಈಜತೊಡಗಿದ ಮೇಲೂ ವಾರಗಟ್ಟಲೆ ಸುತ್ತ ಕಾವಲು ತಿರುಗುತ್ತವೆ. ಇಂಥ ಜೋಡಿಯಲ್ಲಿ ಒಂದನ್ನು ಬಲೆ ಎತ್ತಿದರೆ ಲೆಕ್ಕಕ್ಕೆ ಹೋದದ್ದು ಒಂದು ಮೀನು. ನಿಜವಾಗಿ ಹೋದದ್ದು ಆ ಸಲದ ಇಡೀ ಸಂಸಾರ, ಏಕೆಂದರೆ ಕಾವಲು ಸಡಿಲವಾದ ಮರಿಗಳನ್ನು ಬೇರೆ ಮೀನುಗಳು ಬಿಡುವುದಿಲ್ಲ.

ಕಾನೂನು ಡೇ ಇರುವಷ್ಟು ದಿನ ಬರಲಿಲ್ಲ. ನೀರಿಗೆ ವಿಷ ಹಾಕುವುದನ್ನೂ ಸಿಡಿಮದ್ದು ಸಿಡಿಸುವುದನ್ನೂ ಅಪರಾಧವೆಂದ ಭಾರತೀಯ ಮೀನುಗಾರಿಕೆ ಕಾಯ್ದೆ ಬಂದದ್ದು 1897ರಲ್ಲಿ. ಕಡಲಿನ ಕಡೆ ಮಾತ್ರ ಅವರ ಮಾತು ಬೇಗ ನಡೆಯಿತು. ಉಪ್ಪಿನ ಮೇಲಿನ ತೆರಿಗೆಯಿಂದಾಗಿ ಮೀನುಗಾರರು ಸರಿಯಾಗಿ ಉಪ್ಪು ಹಾಕದೆ ಮೀನು ಒಣಗಿಸುತ್ತಿದ್ದರು, ಅದು ಅರೆಬರೆ ಕೊಳೆಯುತ್ತಿತ್ತು. ಡಾಕ್ಟರಾಗಿ ಡೇಗೆ ಇದು ಆರೋಗ್ಯದ ಪ್ರಶ್ನೆಯೂ ಹೌದು. ಮದ್ರಾಸ್ ಸರ್ಕಾರ ಮುಂದೆ ತೆರಿಗೆಯಿಲ್ಲದ ಉಪ್ಪು ಕೊಡುವ ಮೀನು ಒಣಗಿಸುವ ಅಂಗಳಗಳನ್ನು ತೆರೆಯಿತು. ಮಲಬಾರು ಮತ್ತು ದಕ್ಷಿಣ ಕೆನರಾ ತೀರಗಳಲ್ಲೂ ಅವು ನಡೆದವು.

ಒಂದು ಮೂಗಿನ ಹೊಳ್ಳೆ

ಈ ಓಡಾಟದ ನಡುವೆಯೇ ಡೇ ತಮ್ಮ ದೊಡ್ಡ ಪುಸ್ತಕಕ್ಕೆ ಮೀನು ಕೂಡಿಸುತ್ತಿದ್ದರು. ಮನೆಯ ಕಡೆ ಅವರಿಗೆ ಸುಖ ಕಡಿಮೆ. ಮೊದಲ ಹೆಂಡತಿ ತೀರಿಕೊಂಡ ಮೇಲೆ ಮತ್ತೆ ಮದುವೆಯಾದರು. ಎರಡನೆಯವರೂ ಮದುವೆಯಾಗಿ ಹೆಚ್ಚು ದಿನ ಕಳೆಯುವ ಮೊದಲೇ ಹೋಗಿಬಿಟ್ಟರು. ಭಾರತದ ಮೀನುಗಳ ಬಗೆಗಿನ ಅವರ ಗ್ರಂಥ 1875ರಿಂದ 1878ರವರೆಗೆ ಭಾಗಭಾಗವಾಗಿ ಹೊರಬಂತು. ಸುಮಾರು 200 ಪುಟಗಳಷ್ಟು ಚಿತ್ರಗಳೇ ಇವೆ. ಮೀನು ಗುರುತಿಸಬೇಕಾದವರು ಇಂದಿಗೂ ಅದನ್ನು ತೆರೆದು ನೋಡುತ್ತಾರೆ.

1877ರ ಭಾಗದಲ್ಲಿ ನಮ್ಮ ಮೀನು ಬರುತ್ತದೆ. 1862ರಲ್ಲಿ ಕೆನರಾ ಜಿಲ್ಲೆಯ ಉತ್ತರ ಭಾಗ ಮುಂಬಯಿ ಪ್ರಾಂತ್ಯಕ್ಕೆ ಹೋಗಿ, ದಕ್ಷಿಣ ಭಾಗ ಮದ್ರಾಸಿನಲ್ಲೇ ಉಳಿದಿತ್ತು. ಡೇ ದಕ್ಷಿಣ ಕೆನರಾದ ಮೀನು ಎಂದು ಬರೆದದ್ದು ಅದಕ್ಕೇ. ಕೊಳಲಿಗೆ ಬಾಯಿಟ್ಟಂಥ ಚಿಕ್ಕ ಬಾಯಿ, ಚಪ್ಪಟೆಯಾದ ಮೊಟ್ಟೆಯಾಕಾರದ ಮೈ, ಬೆನ್ನಿನಿಂದ ಹೊಟ್ಟೆಗೆ ಇಳಿಯುವ ಕಪ್ಪು ಪಟ್ಟೆಗಳು, ನಡುವೆ ತಿಳಿಬಣ್ಣದ ಚುಕ್ಕೆಗಳು. ಗಾತ್ರ ಅಂಗೈಗಿಂತ ಹೆಚ್ಚಿಲ್ಲ. ಕರಿಮೀನು ಉಪ್ಪು ಬೆರೆತ ಹಿನ್ನೀರಿನಲ್ಲಿ ಹಾಯಾಗಿರುತ್ತದೆ, ಇದು ಸಿಹಿನೀರಿನದು. ನೇತ್ರಾವತಿ, ಮತ್ತು ಕುಕ್ಕೆ ಸುಬ್ರಹ್ಮಣ್ಯವನ್ನು ಹಾದು ಉಪ್ಪಿನಂಗಡಿಯಲ್ಲಿ ಅದನ್ನು ಸೇರುವ ಕುಮಾರಧಾರಾ, ಇವು ಇದರ ಮುಖ್ಯ ಮನೆ.

ಈ ಮೀನು ಸಿಕ್ಲಿಡ್ ಎಂಬ ಕುಟುಂಬಕ್ಕೆ ಸೇರಿದ್ದು. ಪ್ರಪಂಚದಲ್ಲಿ ಸಾವಿರಕ್ಕೂ ಹೆಚ್ಚು ಸಿಕ್ಲಿಡ್‌ಗಳಿವೆ. ಹೆಚ್ಚಿನವು ಆಫ್ರಿಕಾ ಮತ್ತು ದಕ್ಷಿಣ, ಮಧ್ಯ ಅಮೆರಿಕಗಳಲ್ಲಿ. ಭಾರತದ ಸ್ವಂತದವು ಮೂರೇ: ಕರಿಮೀನು, ಕಿತ್ತಳೆ ಬಣ್ಣದ ಸಣ್ಣ ಮ್ಯಾಕುಲೇಟಸ್, ಮತ್ತು ಕೆನರೆನ್ಸಿಸ್. ಮೊದಲಿನ ಎರಡಕ್ಕೆ ಜರ್ಮನಿಯ ಬ್ಲಾಖ್ ಎಂಬ ವೈದ್ಯರು 18ನೇ ಶತಮಾನದಲ್ಲೇ ಹೆಸರಿಟ್ಟಿದ್ದರು. ಮೂರನೆಯದನ್ನು ಸೇರಿಸಿ ಪಟ್ಟಿ ಮುಗಿಸಿದ್ದು ಡೇ. ಅದಾದ ಮೇಲೆ ಭಾರತದಲ್ಲಿ ನಾಲ್ಕನೆಯ ಸ್ವಂತ ಸಿಕ್ಲಿಡ್ ಸಿಕ್ಕಿಲ್ಲ.

ಈ ಮೂರರ ಹತ್ತಿರದ ನಂಟರು ಇರುವುದು ಎಲ್ಲಿ ಗೊತ್ತೇ? ಪಕ್ಕದ ಬರ್ಮಾದಲ್ಲಿ ಅಲ್ಲ, ಕಡಲಾಚೆಯ ಮಡಗಾಸ್ಕರಿನಲ್ಲಿ. ಭಾರತದ ಸಿಹಿನೀರಿನ ಮೀನುಗಳಲ್ಲಿ ಯಾವುವು ಮಲಯ ದೇಶದ ಕಡೆಯವು, ಯಾವುವು ಆಫ್ರಿಕಾದ ಕಡೆಯವು ಎಂದು ಡೇ ಪಟ್ಟಿ ಮಾಡಿ ಬರೆದಿದ್ದರು. ಆದರೆ ಭೂಖಂಡಗಳು ಸರಿಯುತ್ತವೆ ಎಂದು ವೆಗೆನರ್ ಹೇಳಿದ್ದು 1912ರಲ್ಲಿ. ಭಾರತ ಮತ್ತು ಮಡಗಾಸ್ಕರ್ ಒಂದೇ ನೆಲವಾಗಿದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಬೇರೆಯಾದವು ಎಂಬುದು ಈಗಿನ ತಿಳಿವಳಿಕೆ. ಮೀನುಗಳೂ ಆಗಲೇ ಹಂಚಿಹೋದವೇ, ಅಥವಾ ಆಮೇಲೆ ಕಡಲು ದಾಟಿದವೇ ಎಂಬ ಚರ್ಚೆ ಇನ್ನೂ ನಡೆದಿದೆ. ಇದುವರೆಗೆ ಸಿಕ್ಕಿರುವ ಸಿಕ್ಲಿಡ್ ಪಳೆಯುಳಿಕೆಗಳಲ್ಲಿ ಅತಿ ಹಳೆಯವು ಸುಮಾರು 4.5 ಕೋಟಿ ವರ್ಷದವು, ಅದೇ ತಕರಾರಿನ ಮೂಲ.

ಜಾಡಿಗಳ ಜಗಳ

1877ರಲ್ಲಿ ನಿವೃತ್ತಿ ಪಡೆದು ಡೇ ಇಂಗ್ಲೆಂಡಿನ ಚೆಲ್ಟನಮ್ ಊರಿನಲ್ಲಿ ನೆಲೆಸಿದರು. ಬ್ರಿಟನ್ ಮತ್ತು ಐರ್ಲೆಂಡಿನ ಮೀನುಗಳ ಬಗ್ಗೆ ಬರೆದರು, ಸಾಲ್ಮನ್ ಮತ್ತು ಟ್ರೌಟ್‌ಗಳ ತಳಿ ಬೆರೆಸುವ ಪ್ರಯೋಗ ನಡೆಸಿದರು. ಆದರೆ ಆ ದೇಶದಲ್ಲಿ ಮೀನಿನ ವಿಷಯಕ್ಕೆ ಆಗ ಒಬ್ಬರೇ ದೊರೆ: ಬ್ರಿಟಿಷ್ ಮ್ಯೂಸಿಯಮ್ಮಿನ ಆಲ್ಬರ್ಟ್ ಗುಂಥರ್. 8 ಸಂಪುಟಗಳಲ್ಲಿ ಪ್ರಪಂಚದ ಮೀನುಗಳ ಪಟ್ಟಿ ಮಾಡಿದವರು. ಇಬ್ಬರಿಗೂ ಆಗುತ್ತಿರಲಿಲ್ಲ. ಡೇ ಹೊಸದೆಂದ ಮೀನು ಗುಂಥರ್‌ಗೆ ಹಳೆಯದಾಗಿ ಕಾಣುತ್ತಿತ್ತು, ಗುಂಥರ್ ಬರೆದದ್ದರಲ್ಲಿ ಡೇ ತಪ್ಪು ಹುಡುಕುತ್ತಿದ್ದರು. ಒಬ್ಬರು ಜಾಡಿಯಲ್ಲಿಟ್ಟ ಮೀನು ನೋಡಿ ಬರೆದವರು, ಇನ್ನೊಬ್ಬರು ಹೊಳೆಯ ಬದಿಯಲ್ಲಿ ಹಸಿ ಮೀನು ನೋಡಿ ಬರೆದವರು. ಜಗಳದಲ್ಲಿ ಇಬ್ಬರದೂ ತಪ್ಪಿತ್ತು ಎನ್ನುವುದು ನ್ಯಾಯ. ಡೇ ಅವಸರದಲ್ಲಿ ಒಂದೇ ಮೀನಿಗೆ ಎರಡು ಹೆಸರು ಕೊಟ್ಟ ಉದಾಹರಣೆಗಳೂ ಇವೆ.

ಜಗಳದ ಬೆಲೆ ತೆತ್ತದ್ದು ಸಂಗ್ರಹ. 1883ರಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಮೀನುಗಾರಿಕಾ ಪ್ರದರ್ಶನ ನಡೆಯಿತು. ಭಾರತದ ವಿಭಾಗ ಡೇ ಉಸ್ತುವಾರಿಯಲ್ಲಿತ್ತು. ಅಲ್ಲಿಗೆ ಬಂದಿದ್ದ ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಮ್ಮಿನವರು ಡೇ ಸಂಗ್ರಹದಲ್ಲಿ ನೂರಾರು ಮೀನುಗಳನ್ನು ಕೊಂಡು ಒಯ್ದರು. ಇನ್ನಷ್ಟು ಕಲ್ಕತ್ತಾ, ಹಾಲೆಂಡಿನ ಲೈಡನ್ ಮುಂತಾದ ಕಡೆ ಹೋದವು. ಇದು ಯಾಕೆ ದೊಡ್ಡ ವಿಷಯ ಎಂದರೆ, ಒಂದು ಜಾತಿಗೆ ಹೆಸರಿಡುವಾಗ ಆಧಾರವಾಗಿ ಇಟ್ಟುಕೊಂಡ ಮೀನೇ ಆ ಹೆಸರಿನ ಮೂಲ ದಾಖಲೆ, ಜಮೀನಿಗೆ ಕ್ರಯಪತ್ರ ಇದ್ದ ಹಾಗೆ. ಇದು ಆ ಜಾತಿಯೋ ಅಲ್ಲವೋ ಎಂಬ ತಕರಾರು ಬಂದಾಗ ಜಾಡಿ ತೆರೆದು ಹೋಲಿಸಬೇಕು. ನಮ್ಮ ಹೊಳೆಗಳ ಮೀನುಗಳ ಕ್ರಯಪತ್ರಗಳು ಮೂರು ಖಂಡಗಳಲ್ಲಿ ಹಂಚಿಹೋದವು. ಯಾವುದು ಎಲ್ಲಿದೆ ಎಂದು ಕ್ರಮವಾಗಿ ಹುಡುಕಿ ಬ್ರಿಟಿಷ್ ಮ್ಯೂಸಿಯಮ್ಮಿನ ವೈಟ್‌ಹೆಡ್ ಮತ್ತು ಭಾರತದ ತಲ್ವಾರ್ ಜೊತೆಯಾಗಿ ಬರೆದದ್ದು 1976ರಲ್ಲಿ, ಸುಮಾರು 90 ವರ್ಷಗಳ ನಂತರ.

ಡೇ ಕೊನೆಯ ಕೆಲಸ ಬ್ರಿಟಿಷ್ ಭಾರತದ ಪ್ರಾಣಿಗಳ ಮಾಲೆಗೆ ಬರೆದ ಮೀನಿನ ಎರಡು ಸಂಪುಟಗಳು. 1,400ಕ್ಕೂ ಹೆಚ್ಚು ಜಾತಿಗಳು ಅದರಲ್ಲಿವೆ. ಅವು ಹೊರಬಂದದ್ದು 1889ರಲ್ಲಿ. ಆಗ ಡೇಗೆ ಹೊಟ್ಟೆಯ ಕ್ಯಾನ್ಸರ್. ಅದೇ ವರ್ಷ ಜುಲೈ 10ರಂದು ಚೆಲ್ಟನಮ್‌ನಲ್ಲಿ ತೀರಿಕೊಂಡರು. 60 ವರ್ಷ ವಯಸ್ಸಾಗಿತ್ತು.

ಈಗ ಹೊಳೆಯಲ್ಲಿ

ಕೆನರೆನ್ಸಿಸ್ ಇಂದು ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅಳಿವಿನಂಚಿನ ಮೀನು. ಇರುವ ಜಾಗವೇ ಚಿಕ್ಕದು. ಅಷ್ಟರಲ್ಲೇ ಮರಳು ತೆಗೆಯುವುದು, ಹೊಳೆಗೆ ಅಡ್ಡ ಕಟ್ಟುವುದು, ಕೊಳಕು ಬಿಡುವುದು ಎಲ್ಲ ನಡೆಯಬೇಕು. ಊಟಕ್ಕೆ ಇದನ್ನು ಹುಡುಕಿಕೊಂಡು ಹೋಗುವವರಿಲ್ಲ, ಆದರೆ ಅಕ್ವೇರಿಯಂ ಹವ್ಯಾಸಿಗಳಿಗೆ ಬೇಕು. ವಿದೇಶದ ಗಾಜಿನ ತೊಟ್ಟಿಗಳಲ್ಲಿ ಇದು ಮರಿ ಮಾಡಿದ ಉದಾಹರಣೆಗಳೂ ಇವೆ. ಹೊಳೆಯ ವಿಷ ನೂರು ವರ್ಷದ ಹಿಂದಿನ ಮಾತಲ್ಲ. 1996ರಲ್ಲಿ ಶಿಶಿಲದ ದೇವಸ್ಥಾನದ ಮಡುವಿಗೆ ಯಾರೋ ವಿಷ ಹಾಕಿ ಸಾವಿರಾರು ದೇವರಮೀನುಗಳು ಸತ್ತವು. ಭಕ್ತರು ಅಕ್ಕಿ ಹಾಕಿ ಸಾಕಿದ ಮೀನುಗಳವು, ಹಾಗಾಗಿ ಸುದ್ದಿಯಾಯಿತು. ಯಾರೂ ಅಕ್ಕಿ ಹಾಕದ ಅಂಗೈಯಗಲದ ಮೀನು ಸತ್ತರೆ ಸುದ್ದಿಯಾಗುವುದಿಲ್ಲ.

ಟ್ರೌಟ್ ವಿಷಯ ನೆನಪಿಡಿ ಎಂದಿದ್ದೆ. ಡೇ ಕಾಲದಲ್ಲಿ ಭಾರತದ ನೀರಿನಲ್ಲಿ ತಿಲಾಪಿಯ ಇರಲಿಲ್ಲ. ಅದೂ ಸಿಕ್ಲಿಡ್ಡೇ, ಆದರೆ ಆಫ್ರಿಕಾದ್ದು. 1952ರಲ್ಲಿ ಆಹಾರಕ್ಕೆಂದು ತಂದದ್ದು, ಈಗ ಕೆರೆ ಹೊಳೆಗಳಲ್ಲೆಲ್ಲ ತುಂಬಿಕೊಂಡಿದೆ. ಹುಟ್ಟಿನಿಂದಲೇ ನಮ್ಮದು ಎಂದು ಅನೇಕರು ತಿಳಿದಿದ್ದಾರೆ. ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಕಾಪಾಡುವ ಅದರ ಎದುರು, ಕಲ್ಲಿಗೆ ಮೊಟ್ಟೆ ಅಂಟಿಸಿ ಕಾಯುವ ನಮ್ಮ ಮೀನಿಗೆ ಪೈಪೋಟಿ ಕಷ್ಟ.

ಕುಮಾರಧಾರಾ ಕಡೆ ಹೋದಾಗ ಗಾಳಕ್ಕೋ ಬಲೆಗೋ ಪಟ್ಟೆಯ ಮೀನು ಸಿಕ್ಕರೆ ಒಮ್ಮೆ ಮೂತಿ ನೋಡಿ. ಹೆಚ್ಚಿನ ಮೀನುಗಳಿಗೆ ಮೂತಿಯ ಒಂದೊಂದು ಬದಿಯಲ್ಲಿ ಎರಡೆರಡು ಹೊಳ್ಳೆ. ಸಿಕ್ಲಿಡ್‌ಗಳಿಗೆ ಒಂದೊಂದೇ. ಒಂದೇ ಇದ್ದರೆ ಹೊಟ್ಟೆಯ ಕೆಳಗಿನ ಹಿಂಬದಿಯ ರೆಕ್ಕೆಯನ್ನು ಬಿಡಿಸಿ ಮುಳ್ಳು ಎಣಿಸಿ. ಮೂರೇ ಇದ್ದರೆ ತಿಲಾಪಿಯ, ಸಾರಿಗೆ ಹಾಕಿ. ಹತ್ತಕ್ಕಿಂತ ಹೆಚ್ಚಿದ್ದು, ಕಡಲಿನಿಂದ ದೂರದ ಸಿಹಿನೀರಿನಲ್ಲಿದ್ದು, ಅಂಗೈಯಗಲವಿದ್ದರೆ ಡೇ ಹೆಸರಿಟ್ಟ ಮೀನೇ ನಿಮ್ಮ ಕೈಯಲ್ಲಿರಬಹುದು. ಒಂದು ಫೋಟೊ ತೆಗೆದು ಸಿಕ್ಕಿದ ಜಾಗದಲ್ಲೇ ನೀರಿಗೆ ಬಿಡಿ. ಜೋಡಿ ಅಲ್ಲೇ ಎಲ್ಲೋ ಕಲ್ಲಿನ ಬಳಿ ಇರುತ್ತದೆ.